ಹಳೆಯ ಕಾರಿನ ಹಿಂದೀಪ

ಕಾರನ್ನು ನಡೆಸುವವನು, ನಡೆಸುತ್ತಿರುವಷ್ಟು ಹೊತ್ತೂ, ಕಣ್ಣಿನಿಂದ ಕಾಣಲಾರದ ದೀಪವೊಂದಿದೆ. ಅದು ಗಾಡಿಯ ಹಿಂಬದಿಯ ಕೆಂಪು ದೀಪ. ಮುಂದಿನ ದೀಪ ಮಂಕಾದರೆ ನಮಗೆ ದಾರಿ ಕಾಣದು. ಮರುದಿನ ಬೆಳಗಾಗುತ್ತಲೇ ಮೇಸ್ತ್ರಿಯ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. ಹಿಂದಿನ ದೀಪ ಆರಿಹೋಗಿದ್ದರೂ ನಮಗೆ ಯಾವ ಅಡಚಣೆಯೂ ಇಲ್ಲ. ಅಡಚಣೆಯೆಲ್ಲ ನಮ್ಮ ಬೆನ್ನ ಹಿಂದೆ ಬರುವವನದು. ಅವನು ಬಂದು ತಾಗಿದ ಮೇಲಷ್ಟೆ ಅದು ನಮ್ಮದೂ ಆಗುತ್ತದೆ.

ಶ್ರೋತೃಗಳೇ, ಐವತ್ತು ಅರವತ್ತು ವರ್ಷ ದಾಟಿದ ಕಾರುಗಳ ಈ ಹಿಂದೀಪಕ್ಕೆ ತಕ್ಕ ಬಲ್ಬನ್ನು ಆರಿಸಿಕೊಳ್ಳುವುದು ಹೇಗೆಂಬುದೇ ಈ ಹೊತ್ತಿನ ನನ್ನ ವಿಷಯ. ಮೂವತ್ತು ವರ್ಷ ಪಂಪ ರನ್ನರನ್ನು ಪಾಠ ಹೇಳಿದವನಿಗೆ ಬಲ್ಬಿನ ಗೊಡವೆ ಏಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸೀತು. ನನಗೂ ಆ ಗೊಡವೆ ಇರಲಿಲ್ಲ. ಒಂದು ರಾತ್ರಿ ಅದು ತಾನಾಗಿ ಬಂದು ಬೆನ್ನು ಹತ್ತಿತು.

ನಮ್ಮ ಮನೆಯಲ್ಲಿ 1964ರ ಒಂದು ಅಂಬಾಸಿಡರ್ ಕಾರಿದೆ. ತಂದೆಯವರು 1972ರಲ್ಲಿ ಇನ್ನೊಬ್ಬರಿಂದ ಕೊಂಡದ್ದು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮೂರನೆಯ ಸರಣಿಯ ಅಚ್ಚನ್ನು ತಂದು, ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯವರು ಬಂಗಾಳದ ಉತ್ತರಪಾರದಲ್ಲಿ ಈ ಗಾಡಿಯನ್ನು ತಯಾರಿಸಿದರೆಂಬುದು ನಿಮಗೆ ತಿಳಿದದ್ದೇ. 1950ರ ದಶಕದ ಕೊನೆಯಲ್ಲಿ ಆರಂಭವಾದ ಆ ತಯಾರಿಕೆ 2014ರಲ್ಲಿ ನಿಂತಿತು. ತಂದೆಯವರ ಕಾಲಾನಂತರ ಗಾಡಿ ನನ್ನ ಪಾಲಿಗೆ ಬಂತು. ಹಬ್ಬ ಹರಿದಿನಗಳಲ್ಲಿ, ನೆಂಟರ ಮನೆಯ ಮದುವೆ ಮುಂಜಿಗಳಿಗೆ ಅದನ್ನು ಹೊರಗೆ ತೆಗೆಯುವುದು ವಾಡಿಕೆ.

ಕೆಲವು ವರ್ಷಗಳ ಕೆಳಗೆ ಮಳೆಗಾಲ ಕಳೆದ ಮೇಲೆ ನೋಡಿದರೆ ಹಿಂದಿನ ದೀಪಗಳು ಒಮ್ಮೆ ಹತ್ತುತ್ತಿದ್ದವು, ಒಮ್ಮೆ ಇಲ್ಲ. ಹೆದ್ದಾರಿಯ ಬದಿಯ ಒಂದು ದುರಸ್ತಿ ಅಂಗಡಿಗೆ ಒಯ್ದೆ. ಅಲ್ಲಿದ್ದ ಹುಡುಗ ತುಕ್ಕು ತಿಂದ ಹೋಲ್ಡರುಗಳನ್ನು ಕಿತ್ತು, ತನ್ನಲ್ಲಿದ್ದ ಬೇರೆ ಎರಡನ್ನು ಕೂರಿಸಿದ. ಹೊಸ ಬಲ್ಬು ಅದರಲ್ಲಿ ಸರಿಯಾಗಿ ಕಚ್ಚಿಕೊಳ್ಳಲಿಲ್ಲ. ಬಲ್ಬಿನ ಹಿತ್ತಾಳೆಯ ಬುಡದಲ್ಲಿ ಎರಡು ಪಿನ್ನುಗಳಿರುತ್ತವಷ್ಟೆ. ಅವುಗಳಲ್ಲಿ ಒಂದನ್ನು ಅರದಿಂದ ಉಜ್ಜಿ ಸವೆಸಿ, ಒತ್ತಿ ತಿರುಗಿಸಿದ. ಕೂತುಕೊಂಡಿತು. ಇನ್ನೊಂದು ಕಡೆಗೂ ಅದೇ ಉಪಾಯ. ಸಂಜೆ ದೀಪ ಹಾಕಿ ಹಿಂದಕ್ಕೆ ಹೋಗಿ ನೋಡಿದೆ. ಅಷ್ಟು ವರ್ಷಗಳಲ್ಲಿ ಎಂದೂ ಇಲ್ಲದ ಪ್ರಭೆ! ಕೇಳಿದ್ದಕ್ಕಿಂತ ಹತ್ತು ರೂಪಾಯಿ ಹೆಚ್ಚಾಗಿಯೇ ಕೊಟ್ಟು ಬಂದೆನೆಂದು ನೆನಪು.

ಅದಾದ ಎರಡು ವಾರಕ್ಕೆ ಅರಸೀಕೆರೆಯ ಕಡೆಯಿಂದ ತಿಪಟೂರಿಗೆ ರಾತ್ರಿ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿಯೂ ಅವಳ ತೊಡೆಯ ಮೇಲೆ ತಲೆಯಿಟ್ಟು ಮೊಮ್ಮಗಳೂ ನಿದ್ರೆ ಹೋಗಿದ್ದರು. ಎರಡು ಕಡೆಯೂ ತೆಂಗಿನ ತೋಟ, ಬೀದಿಯ ದೀಪವಿಲ್ಲ. ಎಮ್ಮೆಯೊಂದು ರಸ್ತೆಗೆ ಇಳಿಯಿತೆಂದು ಬ್ರೇಕು ಒತ್ತಿದೆ. ಹಿಂದಿನಿಂದ ಟೈರು ಕಿರುಚಿದ ಸದ್ದು. ಕಾಯಿ ತುಂಬಿದ ಲಾರಿಯೊಂದು ಎರಡು ಮೊಳದ ಅಂತರದಲ್ಲಿ ಬಂದು ನಿಂತಿತು. ಇಳಿದು ಬಂದ ಚಾಲಕ ಬಯ್ಯುತ್ತಾನೆಂದುಕೊಂಡೆ. ಅವನು ಬಯ್ಯಲಿಲ್ಲ. ಅವನ ಕೈ ನನ್ನ ಕೈಗಿಂತ ಹೆಚ್ಚು ನಡುಗುತ್ತಿತ್ತು.

“ಯಜಮಾನ್ರೇ, ನೀವು ಬ್ರೇಕು ಹಾಕಿದ್ದೇ ಗೊತ್ತಾಗ್ಲಿಲ್ಲ. ಹಿಂದ್ಗಡೆ ಲೈಟು ಮೊದ್ಲಿಂದ್ಲೂ ಹಂಗೇ ಧಗಧಗ ಉರೀತಾ ಇತ್ತು. ಹೆಚ್ಚೂ ಆಗ್ಲಿಲ್ಲ, ಕಮ್ಮೀನೂ ಆಗ್ಲಿಲ್ಲ,” ಎಂದ.

ಆ ಮಾತಿನಲ್ಲಿ ನಾನು ಈ ದಿನ ಹೇಳಬೇಕಾದದ್ದೆಲ್ಲ ಅಡಗಿದೆ. ನಾನು ಮೆಚ್ಚಿ ಹಣ ಕೊಟ್ಟ ಆ ಪ್ರಭೆಯೇ ದೋಷವಾಗಿತ್ತು.

ಅದು ಹೇಗೆಂಬುದನ್ನು ಸ್ವಲ್ಪ ವಿವರಿಸಬೇಕು. ಹಳೆಯ ಕಾರುಗಳ ಹಿಂದೀಪದಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಬಲ್ಬು. ಆದರೆ ಅದರ ಹೊಟ್ಟೆಯಲ್ಲಿ ಎರಡು ತಂತುಗಳು. ಒಂದು 5 ವಾಟಿನದು, ಇನ್ನೊಂದು 21 ವಾಟಿನದು. ಬ್ರಿಟಿಷ್ ಮೂಲದ ಹಳೆಯ ಗಾಡಿಗಳ ಕೈಪಿಡಿಗಳಲ್ಲಿ 6 ಮತ್ತು 21 ಎಂದಿರುವುದೂ ಉಂಟು; ವ್ಯವಹಾರದಲ್ಲಿ ಎರಡೂ ಒಂದೇ. ರಾತ್ರಿ ದೀಪದ ಗುಂಡಿಯನ್ನು ಎಳೆದಾಗ ಚಿಕ್ಕ ತಂತು ಹತ್ತಿ, ‘ಇಲ್ಲೊಂದು ಗಾಡಿ ಇದೆ’ ಎಂದು ಹೇಳುತ್ತಿರುತ್ತದೆ. ಬ್ರೇಕು ಒತ್ತಿದಾಗ ದೊಡ್ಡ ತಂತು ಹತ್ತಿ, ‘ಈ ಗಾಡಿ ನಿಲ್ಲುತ್ತಿದೆ’ ಎಂದು ಕೂಗುತ್ತದೆ. 13.5 ವೋಲ್ಟಿನಲ್ಲಿ ಅಳೆದರೆ ದೊಡ್ಡ ತಂತುವಿನ ಬೆಳಕು ಸುಮಾರು 440 ಲ್ಯೂಮೆನ್, ಚಿಕ್ಕದರದು ಸುಮಾರು 35. ವಾಟಿನಲ್ಲಿ ನಾಲ್ಕುಪಟ್ಟು ಇರುವುದು ಬೆಳಕಿನಲ್ಲಿ ಹನ್ನೆರಡು ಪಟ್ಟಿಗೂ ಮೀರುತ್ತದೆ. ಚಿಕ್ಕ ತಂತು ಕಡಿಮೆ ಕಾವಿನಲ್ಲಿ ಉರಿಯುವುದೇ ಇದಕ್ಕೆ ಕಾರಣ. ಹಿಂದೆ ಬರುವವನ ಕಣ್ಣಿಗೆ ಅರ್ಥವಾಗುವುದು ಈ ಹನ್ನೆರಡು ಪಟ್ಟಿನ ನೆಗೆತವೇ.

ಈ ಎರಡು ತಂತುಗಳ ಸ್ಥಾನ ಅದಲುಬದಲಾಗಬಾರದೆಂದೇ ಬಲ್ಬನ್ನು ರೂಪಿಸಿದವರು ಬುಡದ ಎರಡು ಪಿನ್ನುಗಳನ್ನು ಒಂದೇ ಮಟ್ಟದಲ್ಲಿ ಇಡದೆ, ಒಂದನ್ನು ಮೇಲೆ ಒಂದನ್ನು ಕೆಳಗೆ ಇಟ್ಟರು. ಹೋಲ್ಡರಿನ ಗಾಡಿಯೂ ಹಾಗೆಯೇ ಒಂದು ಆಳ, ಒಂದು ಮೇಲೆ. ಹೀಗಾಗಿ ಬಲ್ಬು ಒಂದೇ ರೀತಿಯಲ್ಲಿ ಕೂರಬಲ್ಲುದು. ಅದೊಂದು ಮೂಕ ಎಚ್ಚರಿಕೆ. ನಮ್ಮ ಹುಡುಗ ಅರ ತೆಗೆದುಕೊಂಡು ಉಜ್ಜಿ ಹಾಕಿದ್ದು ಆ ಎಚ್ಚರಿಕೆಯನ್ನೇ. ಬಲ್ಬು ತಿರುಗುಮುರುಗಾಗಿ ಕೂತಿತು. ದೀಪ ಹಾಕಿದೊಡನೆ 440 ಲ್ಯೂಮೆನ್ನಿನ ತಂತು ಉರಿಯಿತು. ಬ್ರೇಕು ಒತ್ತಿದಾಗ ಅದಕ್ಕೆ ಕೂಡಿದ್ದು 35. ನೂರಕ್ಕೆ ಎಂಟರಷ್ಟು ಹೆಚ್ಚಳವನ್ನು ಕತ್ತಲಲ್ಲಿ ಯಾವ ಚಾಲಕ ತಾನೆ ಗುರುತಿಸಿಯಾನು? ಹಗಲಿನಲ್ಲಂತೂ ಆ ಎರಡು ವಾರ ನನ್ನ ಬ್ರೇಕಿನ ದೀಪ ಬಿಸಿಲಿನಲ್ಲಿ ಹಚ್ಚಿದ ಹಣತೆಯಾಗಿತ್ತು.

ಆದ್ದರಿಂದ ಅಂಗಡಿಗೆ ಹೋದಾಗ ಕೇಳಬೇಕಾದ ಮೊದಲ ಮಾತು ಬೆಳಕಿನದಲ್ಲ, ಬುಡದ್ದು. ಎರಡು ತಂತುಗಳ, ಮಟ್ಟ ತಪ್ಪಿದ ಪಿನ್ನುಗಳ ಬುಡಕ್ಕೆ ಬಿ.ಎ.ವೈ. 15 ಡಿ ಎಂದು ಹೆಸರು. ಹದಿನೈದು ಎಂಬುದು ಬುಡದ ಅಡ್ಡಳತೆ, ಮಿಲಿಮೀಟರಿನಲ್ಲಿ. ಒಂದೇ ತಂತು, ಒಂದೇ ಮಟ್ಟದ ಎರಡು ಪಿನ್ನು ಇರುವುದು ಬಿ.ಎ. 15 ಎಸ್, ಇದು ಸಾಮಾನ್ಯವಾಗಿ ತಿರುವಿನ ದೀಪಕ್ಕೆ. ಬ್ರಿಟಿಷ್ ಪಟ್ಟಿಗಳಲ್ಲಿ ಮೊದಲನೆಯದನ್ನು 380 ಎಂದೂ ಎರಡನೆಯದನ್ನು 382 ಎಂದೂ ಕರೆದರು. ಅಮೆರಿಕದವರಲ್ಲಿ ಇವಕ್ಕೆ ಸಂವಾದಿಯಾದ ಬಲ್ಬುಗಳು 1157 ಮತ್ತು 1156. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಇಷ್ಟೆಲ್ಲ ಪಾಂಡಿತ್ಯ ಬೇಡ. ‘ಡಬಲ್ ಕಾಂಟ್ಯಾಕ್ಟ್, ಹನ್ನೆರಡು ವೋಲ್ಟು, ಇಪ್ಪತ್ತೊಂದು ಐದು’ ಎಂದರೆ ಸಾಕು. ಆದರೂ ಬುಡದ ಮೇಲೆ ಕೆತ್ತಿರುವ ಅಕ್ಷರವನ್ನು ಕನ್ನಡಕ ಹಾಕಿಕೊಂಡು ಓದಿ ತೆಗೆದುಕೊಳ್ಳುವುದು ಲೇಸು. ಹಳೆಯ ಬಲ್ಬನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ಇನ್ನೂ ಲೇಸು.

ಮಾತಿಗೆ ಮಾತು ಬಂತೆಂದು ಹೇಳುತ್ತೇನೆ. ಪರಿಚಯದ ಹಿರಿಯ ಮೇಸ್ತ್ರಿಯೊಬ್ಬರ ಮುಂದೆ ಒಮ್ಮೆ ‘ಹಿಂದೀಪ’ ಎಂಬ ಮಾತನ್ನು ಆಡಿದೆ. ಅವರು ಕೆಲಸ ನಿಲ್ಲಿಸಿ, “ಏನ್ ಮೇಷ್ಟ್ರೇ, ದೀಪಕ್ಕೂ ಹಿಂದಿ ಬಂತೇ?” ಎಂದು ಕೇಳಿದರು. ಅಂದಿನಿಂದ ಅವರ ಅಂಗಡಿಯ ಮಟ್ಟಿಗೆ ನಾನು ಟೈಲ್ ಲೈಟ್ ಎಂದೇ ಹೇಳುತ್ತೇನೆ.

ವೋಲ್ಟಿನ ವಿಷಯ ಬೇಗ ಮುಗಿಯತಕ್ಕದ್ದು. ಅಂಬಾಸಿಡರಿನಂಥ ಗಾಡಿಗಳದು 12 ವೋಲ್ಟು. ಅದಕ್ಕೂ ಹಳೆಯ ಅಮೆರಿಕದ ಕಾರುಗಳಲ್ಲಿ, 1960ರ ದಶಕದ ನಡುವಿನವರೆಗಿನ ಫೋಕ್ಸ್‌ವ್ಯಾಗನ್ ಬೀಟಲ್ ಕಾರುಗಳಲ್ಲಿ 6 ವೋಲ್ಟೇ ಇತ್ತು. ಸಂದೇಹವಿದ್ದರೆ ಬ್ಯಾಟರಿಯ ಮೇಲಿನ ಮುಚ್ಚಳಗಳನ್ನು ಎಣಿಸಿ. ಒಂದೊಂದು ಕೋಶಕ್ಕೆ 2 ವೋಲ್ಟು, ಮೂರಿದ್ದರೆ ಆರು, ಆರಿದ್ದರೆ ಹನ್ನೆರಡು. ಆರರ ಬಲ್ಬನ್ನು ಹನ್ನೆರಡಕ್ಕೆ ಹಾಕಿದರೆ ಮಿಂಚಿ ಸುಟ್ಟುಹೋಗುತ್ತದೆ. ಹನ್ನೆರಡರದನ್ನು ಆರಕ್ಕೆ ಹಾಕಿದರೆ ಕೆಂಡದಂತೆ ಮಿಣುಕುತ್ತದೆ.

ವಾಟಿನ ವಿಷಯದಲ್ಲಿ ಆಸೆಗೆ ಅವಕಾಶ ಹೆಚ್ಚು. ‘ಮಂಕಾಗಿದೆ, ಇನ್ನೂ ದೊಡ್ಡದು ಹಾಕಿ’ ಎನ್ನುವವರು ಉಂಟು. ಹಿಂದೀಪದ ಕೆಂಪು ಗಾಜು, ಗಾಜೆಂದು ಕರೆದರೂ ಬಹುಮಟ್ಟಿಗೆ ಪ್ಲಾಸ್ಟಿಕ್ಕಿನದು. ಹೆಚ್ಚು ವಾಟಿನ ಬಲ್ಬಿನ ಕಾವಿಗೆ ಅದು ಮೆತ್ತಗಾಗಿ ಸೊಟ್ಟಗಾಗುತ್ತದೆ. ಹಳೆಯ ಗಾಡಿಯ ಒಂದು ಮೂಲ ಗಾಜನ್ನು ಮತ್ತೆ ಹುಡುಕಿ ತರುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಮಂಕಾಗಿರುವ ದೀಪದಲ್ಲಿ ತಪ್ಪು ಬಲ್ಬಿನದೇ ಎಂದು ತೀರ್ಮಾನಿಸುವ ಮೊದಲು ನೋಡಬೇಕಾದದ್ದು ಬೇರೆ ಇದೆ. ನಾನು ಕಂಡ ಹತ್ತು ಹಳೆಯ ಗಾಡಿಗಳಲ್ಲಿ ಏಳೆಂಟರ ರೋಗ ಇಲ್ಲಿಯೇ. ಬಲ್ಬಿಗೆ ಹೋದ ವಿದ್ಯುತ್ತು ಗಾಡಿಯ ತಗಡಿನ ಮೂಲಕವೇ ಬ್ಯಾಟರಿಗೆ ಮರಳಬೇಕು. ಇದನ್ನು ಅರ್ತ್ ಎನ್ನುತ್ತೇವೆ. ಹೋಲ್ಡರಿಗೂ ತಗಡಿಗೂ ನಡುವೆ ತುಕ್ಕು ಕೂತರೆ ಆ ದಾರಿ ಕಿರಿದಾಗುತ್ತದೆ. ತಂತುವಿನ ಬಲ್ಬು ಬಹಳ ಅಭಿಮಾನಿ. ವೋಲ್ಟು ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಹತ್ತಲ್ಲ, ಮೂವತ್ತರಷ್ಟು ಕುಗ್ಗುತ್ತದೆ. ಅರ್ತ್ ಇನ್ನೂ ಕೆಟ್ಟರೆ ವಿದ್ಯುತ್ತು ಪಕ್ಕದ ಬಲ್ಬಿನ ತಂತುವಿನೊಳಗೆ ನುಸುಳಿ ದಾರಿ ಹುಡುಕುತ್ತದೆ. ಆಗ ಬ್ರೇಕು ಒತ್ತಿದರೆ ತಿರುವಿನ ದೀಪ ಮಿಣುಕುವುದು, ತಿರುವಿನ ದೀಪ ಹಾಕಿದರೆ ಕೆಂಪು ದೀಪ ಕಣ್ಣು ಹೊಡೆಯುವುದು ಮೊದಲಾದ ಭೂತಚೇಷ್ಟೆಗಳೆಲ್ಲ ನಡೆಯುತ್ತವೆ. ಪರೀಕ್ಷೆ ಸುಲಭ. ಒಂದು ಉದ್ದನೆಯ ತಂತಿಯ ಒಂದು ತುದಿಯನ್ನು ಬ್ಯಾಟರಿಯ ಅರ್ತ್ ತುದಿಗೂ ಇನ್ನೊಂದನ್ನು ಹೋಲ್ಡರಿನ ಲೋಹದ ಮೈಗೂ ತಾಗಿಸಿ. ದೀಪ ಒಮ್ಮೆಲೇ ಬೆಳಗಿದರೆ ಬಲ್ಬು ಕೊಳ್ಳುವ ಅಗತ್ಯವಿಲ್ಲ. ಮರಳು ಕಾಗದದಿಂದ ತುಕ್ಕು ಉಜ್ಜಿದರೆ ಸಾಕು. ಒಳಗಿನ ಪ್ರತಿಫಲಕದ ಬೆಳ್ಳಿಬಣ್ಣ ಕಪ್ಪಾಗಿದ್ದರೆ ಅದಕ್ಕೂ ಒಂದು ಕೈ ಬಣ್ಣ ಬಳಿಯಬೇಕು. ಕೆಂಪು ಗಾಜನ್ನು ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆಯಬೇಕು. ಅರವತ್ತು ವರ್ಷದ ಧೂಳು ಅದರ ಒಳಮೈಗೆ ಅಂಟಿರುತ್ತದೆ.

ಇನ್ನು ಎಲ್.ಇ.ಡಿ. ವಿಚಾರ. ಹಳೆಯ ಗಾಡಿಯ ಒಡೆಯರು ನಾಲ್ವರು ಕಲೆತರೆ ಈ ಚರ್ಚೆ ಏಳದೆ ಇರದು. ಹಳೆಯ ಬುಡವನ್ನೇ ಉಳಿಸಿಕೊಂಡು, ಗಾಜಿನ ಬುರುಡೆಯ ಜಾಗದಲ್ಲಿ ಸಣ್ಣ ಸಣ್ಣ ಎಲ್.ಇ.ಡಿ. ಕಾಳುಗಳನ್ನು ಪೋಣಿಸಿದ ಬಲ್ಬುಗಳು ಈಗ ಎಲ್ಲೆಲ್ಲೂ ಸಿಗುತ್ತವೆ. ಅವುಗಳ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಅವು ಎಳೆಯುವ ವಿದ್ಯುತ್ತು ಅತ್ಯಲ್ಪ. ಡೈನಮೊ ಇರುವ ಹಳೆಯ ಗಾಡಿಗಳು ಸಿಗ್ನಲ್ಲಿನಲ್ಲಿ ನಿಂತಾಗ ದೀಪ ಮಂಕಾಗುವುದನ್ನು ನೋಡಿದ್ದೀರಿ. ಅಂಥಲ್ಲಿ ಇದು ದೊಡ್ಡ ಉಪಕಾರ. ಹಳೆಯ ವೈರಿಂಗಿನ ಮೇಲೂ ಭಾರ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಎಲ್.ಇ.ಡಿ. ತಕ್ಷಣ ಹತ್ತುತ್ತದೆ. ತಂತು ಕಾದು ಪೂರ್ತಿ ಬೆಳಗಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಬೇಕು. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಹಿಂದೆ ಬರುವ ಗಾಡಿ ಅಷ್ಟರೊಳಗೆ 4 ಮೀಟರಿಗೂ ಹೆಚ್ಚು ದೂರ ಕ್ರಮಿಸಿರುತ್ತದೆ. ತಿಪಟೂರಿನ ದಾರಿಯ ಆ ಲಾರಿಗೂ ನನಗೂ ನಡುವೆ ಉಳಿದದ್ದು ಎರಡು ಮೊಳ. ಆದ್ದರಿಂದ ಈ ಲೆಕ್ಕವನ್ನು ನಾನು ಹಗುರವಾಗಿ ಕಾಣಲಾರೆ.

ಆದರೆ ಕೊಳ್ಳುವವರು ಎಡವುವ ಕಡೆಗಳು ಕೆಲವಿವೆ. ಮೊದಲನೆಯದು ಬಣ್ಣ. ಕೆಂಪು ಗಾಜಿನ ಹಿಂದೆ ಬಿಳಿಯ ಎಲ್.ಇ.ಡಿ. ಹಾಕಿದರೆ ಬೆಳಕು ಹೆಚ್ಚೀತೆಂದು ತೋರುತ್ತದೆ, ನಡೆಯುವುದು ಬೇರೆ. ತಂತುವಿನ ಬೆಳಕಿನಲ್ಲಿ ಕೆಂಪು ಧಾರಾಳವಾಗಿದೆ. ಬಿಳಿಯ ಎಲ್.ಇ.ಡಿ.ಯ ಮೂಲ ನೀಲಿ. ಅದರ ಮೇಲೆ ಹಳದಿಯ ಲೇಪವನ್ನು ಬಳಿದು ಕಣ್ಣಿಗೆ ಬಿಳಿಯೆನಿಸುವಂತೆ ಮಾಡಿರುತ್ತಾರೆ. ಕೆಂಪು ಅದರಲ್ಲಿ ಕಡಿಮೆ. ಕೆಂಪು ಗಾಜು ಕೆಂಪನ್ನಷ್ಟೇ ಹೊರಗೆ ಬಿಡುವುದರಿಂದ, ಮಿಕ್ಕ ಬೆಳಕೆಲ್ಲ ಒಳಗೇ ವ್ಯರ್ಥವಾಗಿ, ಹೊರಕ್ಕೆ ಮಾಸಲು ಗುಲಾಬಿ ಬಣ್ಣ ಕಾಣುತ್ತದೆ. ಕೆಂಪು ಗಾಜಿಗೆ ಕೆಂಪು ಎಲ್.ಇ.ಡಿ.ಯೇ ಸರಿ. ಇದಕ್ಕೊಂದು ಅಪವಾದವುಂಟು. ಕೆಲವು ಹಳೆಯ ಗಾಡಿಗಳಲ್ಲಿ, ಮೋಟಾರು ಸೈಕಲ್ಲುಗಳಲ್ಲಂತೂ ಬಹಳವಾಗಿ, ಹಿಂದೀಪದ ಕೆಳಭಾಗದಲ್ಲಿ ಬಣ್ಣವಿಲ್ಲದ ಸಣ್ಣ ಕಿಂಡಿಯಿದ್ದು ಅದೇ ಬಲ್ಬು ನಂಬರು ಫಲಕವನ್ನೂ ಬೆಳಗುತ್ತದೆ. ಅಲ್ಲಿ ಕೆಂಪು ಹಾಕಿದರೆ ಫಲಕವೂ ಕೆಂಪಾಗುತ್ತದೆ. ಕಾನೂನು ಕೇಳುವುದು ಬಿಳಿಯ ಬೆಳಕನ್ನು. ಅಂಥ ಗಾಡಿಗೆ ತಂತುವಿನ ಬಲ್ಬನ್ನೇ ಇರಗೊಡುವುದು ಜಾಣತನ.

ಎರಡನೆಯದು ಬೆಳಕು ಹರಡುವ ದಿಕ್ಕು. ತಂತು ಸುತ್ತಲೂ ಬೆಳಗುತ್ತದೆ. ಹಿಂದಿನ ಪ್ರತಿಫಲಕ ಆ ಬೆಳಕನ್ನು ಹಿಡಿದು ಗಾಜಿನ ತುಂಬ ಹರಡುತ್ತದೆ. ತುದಿಯಲ್ಲಿ ಮಾತ್ರ ಕಾಳುಗಳಿರುವ ಎಲ್.ಇ.ಡಿ. ನೇರ ಮುಂದಕ್ಕೆ ಚೆಲ್ಲುವುದರಿಂದ ಗಾಜಿನ ನಡುವೆ ಒಂದು ಚುಕ್ಕೆ ಉರಿದು ಮಿಕ್ಕದ್ದು ಕತ್ತಲಾಗುತ್ತದೆ. ಪಕ್ಕದಿಂದ ಬರುವವನಿಗೆ ಏನೂ ಕಾಣದು. ಸುತ್ತಲೂ ಕಾಳುಗಳಿರುವುದನ್ನೇ ನೋಡಿ ಕೊಳ್ಳಬೇಕು.

ಮೂರನೆಯದೇ ನನ್ನ ದೃಷ್ಟಿಯಲ್ಲಿ ದೊಡ್ಡದು: ಆ ಹನ್ನೆರಡು ಪಟ್ಟಿನ ಅಂತರ. ಅಗ್ಗದ ಎಲ್.ಇ.ಡಿ. ಬಲ್ಬುಗಳಲ್ಲಿ ಎರಡು ಮಟ್ಟಗಳಿದ್ದರೂ ಅವುಗಳ ನಡುವಿನ ಅಂತರ ಎರಡು ಮೂರು ಪಟ್ಟಿಗೆ ಇಳಿದಿರುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅಂಗಡಿಯವನು ಹೊತ್ತಿಸಿ ತೋರಿಸುವಾಗ ‘ಎಷ್ಟು ಪ್ರಕಾಶ ನೋಡಿ ಸಾರ್’ ಎನ್ನುತ್ತಾನೆ. ಹಾಗೆಂದಾಗ ನನಗೆ ಲಾರಿಯ ಚಾಲಕನ ಮುಖ ನೆನಪಿಗೆ ಬರುತ್ತದೆ.

ತಿರುವಿನ ದೀಪಕ್ಕೂ ಎಲ್.ಇ.ಡಿ. ಹಾಕುವವರು ಫ್ಲ್ಯಾಶರಿನ ಬಗೆಗೆ ತಿಳಿದಿರಬೇಕು. ಹಳೆಯ ಫ್ಲ್ಯಾಶರ್ ಬಲ್ಬುಗಳು ಎಳೆಯುವ ವಿದ್ಯುತ್ತಿನ ಕಾವಿನಿಂದಲೇ ಟಿಕ್ ಟಿಕ್ ಎನ್ನುವ ಯಂತ್ರ. ಎರಡು 21 ವಾಟಿನ ಬಲ್ಬುಗಳು ಸುಮಾರು ಮೂರೂವರೆ ಆಂಪಿಯರ್ ಎಳೆದರೆ ಅದು ಕಾದು ಮಿಟುಕುತ್ತದೆ. ಎಲ್.ಇ.ಡಿ.ಗೆ ಅಷ್ಟು ಹಸಿವಿಲ್ಲ; ಫ್ಲ್ಯಾಶರ್ ಕಾಯುವುದಿಲ್ಲ, ದೀಪ ಮಿಟುಕದೆ ಒಂದೇ ಸಮನೆ ಉರಿಯುತ್ತದೆ. ಬಲ್ಬಿನ ಜೊತೆಗೆ ಎಲೆಕ್ಟ್ರಾನಿಕ್ ಫ್ಲ್ಯಾಶರನ್ನೂ ಬದಲಾಯಿಸಬೇಕಾಗುತ್ತದೆ.

ಇನ್ನೊಂದು ತೊಡಕು ಬ್ರಿಟಿಷ್ ಮೂಲದ ಗಾಡಿಗಳಿಗೆ ವಿಶೇಷವಾದದ್ದು. 1960ರ ದಶಕದ ನಡುವಿನವರೆಗೆ ಅವುಗಳಲ್ಲಿ ಹಲವು ಗಾಡಿಗಳ ಬ್ಯಾಟರಿಯ ಧನ ತುದಿಯನ್ನೇ ತಗಡಿಗೆ ಕಟ್ಟುತ್ತಿದ್ದರು. ಇಂದಿನ ಕಾರುಗಳಲ್ಲಿ ಋಣ ತುದಿ. ತಂತುವಿಗೆ ವಿದ್ಯುತ್ತು ಎತ್ತಲಿಂದ ಬಂದರೂ ಒಂದೇ. ಎಲ್.ಇ.ಡಿ. ಒಂದೇ ದಿಕ್ಕಿನಿಂದ ಬಂದರೆ ಮಾತ್ರ ಬೆಳಗುತ್ತದೆ. ಬಾನೆಟ್ಟು ಎತ್ತಿ ಯಾವ ತುದಿ ತಗಡಿಗೆ ಹೋಗಿದೆ ಎಂದು ನೋಡಿದ ಮೇಲೆಯೇ, ಆ ಬಗೆಯದನ್ನೋ ಎರಡು ಬಗೆಗೂ ಒಗ್ಗುವುದನ್ನೋ ಕೊಳ್ಳಬೇಕು.

ಇಷ್ಟೆಲ್ಲ ಆದ ಮೇಲೆ ನಾನು ಏನು ಮಾಡಿದೆನೆಂದು ಹೇಳಬೇಕಲ್ಲ. ಮೂಲದ ಅಳತೆಯ ಹೋಲ್ಡರುಗಳನ್ನು ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದು ತಂದೆ. ಅವುಗಳಿಗೆ ಪಿನ್ನು ಸವೆಸದ, 21 ಮತ್ತು 5 ವಾಟಿನ, ತಂತುವಿನ ಬಲ್ಬನ್ನೇ ಹಾಕಿಸಿದೆ. ಅರ್ತಿಗೆ ಬೇರೆಯೇ ಒಂದು ತಂತಿಯನ್ನು ಎಳೆಸಿದೆ. ಎಲ್.ಇ.ಡಿ.ಯ ಚುರುಕನ್ನೂ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಹಿಂದಿನ ಗಾಜಿನ ಒಳಗೆ, ನಡುವೆ, ಎತ್ತರದಲ್ಲಿ, ಕೆಂಪು ಎಲ್.ಇ.ಡಿ.ಯ ಒಂದು ಸಣ್ಣ ಪಟ್ಟಿಯನ್ನು ಬ್ರೇಕಿಗೆ ಮಾತ್ರ ಹತ್ತುವಂತೆ ಕಟ್ಟಿಸಿದೆ. ಅಮೆರಿಕದಲ್ಲಿ 1986ರ ಮಾದರಿಯಿಂದ ಹೊಸ ಕಾರುಗಳಿಗೆಲ್ಲ ಇಂಥ ಮೂರನೆಯ ಬ್ರೇಕಿನ ದೀಪ ಕಡ್ಡಾಯವಾಯಿತು. ಬ್ರೇಕು ಒತ್ತದಿದ್ದಾಗ ಅದು ಪೂರ್ತಿ ಕತ್ತಲಾಗಿರುವುದರಿಂದ ಹೆಚ್ಚು ಕಡಿಮೆಯ ಗೊಂದಲವೇ ಅಲ್ಲಿಲ್ಲ. ಗಾಡಿಯ ಮೂಲರೂಪ ಕೆಟ್ಟಿತೆಂದು ನನ್ನ ಮಿತ್ರರೊಬ್ಬರು ಮುನಿಸಿಕೊಂಡರು. ಹಳೆಯ ಕಾರುಗಳ ಮೆರವಣಿಗೆಗೆ ಹೋಗುವ ದಿನ ಎರಡು ತಿರುಪು ಬಿಚ್ಚಿ ತೆಗೆದಿಡುತ್ತೇನೆಂದು ಹೇಳಿ ಅವರನ್ನು ಸಮಾಧಾನಪಡಿಸಿದೆ. ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಕೊಡುವಂತೆ ಎಂದುಕೊಳ್ಳಿ.

ಈಗ ದೂರದ ಪ್ರಯಾಣಕ್ಕೆ ಹೊರಡುವ ಹಿಂದಿನ ಸಂಜೆ, ಸೂರ್ಯ ಮುಳುಗಿ ಇನ್ನೂ ಪೂರ್ತಿ ಕತ್ತಲಾಗದ ಹೊತ್ತಿನಲ್ಲಿ, ಗಾಡಿಯನ್ನು ಬೀದಿಗೆ ತಂದು ನಿಲ್ಲಿಸುತ್ತೇನೆ. ಮೊಮ್ಮಗಳು ಹಿಂದಕ್ಕೆ ಮೂವತ್ತು ಹೆಜ್ಜೆ ಎಣಿಸಿಕೊಂಡು ಹೋಗಿ ರಸ್ತೆಯ ಬದಿಯಲ್ಲಿ ನಿಲ್ಲುತ್ತಾಳೆ. ಮೊದಲು ದೀಪ ಹಾಕುತ್ತೇನೆ. “ಹತ್ತಿತು ತಾತ, ಎರಡೂ ಒಂದೇ ಸಮ ಇದೆ” ಎನ್ನುತ್ತಾಳೆ. ಆಮೇಲೆ ಹೇಳದೆ ಕೇಳದೆ ಒಮ್ಮೆ ಬ್ರೇಕು ಒತ್ತುತ್ತೇನೆ. ಅವಳು ಅಲ್ಲಿಂದಲೇ, “ಈಗ ಹೆಚ್ಚಾಯ್ತು!” ಎಂದು ಕೂಗಿದರೆ, ಕೈಗಪಾಟಿನಲ್ಲಿ ಎರಡು ಬಲ್ಬು ಹೆಚ್ಚಿಗೆ ಇವೆಯೇ ಎಂದು ನೋಡಿಕೊಂಡು ಗಾಡಿಯನ್ನು ಒಳಗೆ ತರುತ್ತೇನೆ.